ಮೊಳಕಾಲು ಬ್ಯಾನಿಗೆ ವಾಕಿಂಗ್ ಒಂದೇ ಸಾಲದು

ಕಲಬುರಗಿಯ ಪಬ್ಲಿಕ್ ಗಾರ್ಡನ್ನಿನಲ್ಲಿ, ಅಪ್ಪನ ಕೆರೆಯ ಸುತ್ತ ಬೆಳಿಗ್ಗೆ ನಡೆಯುವ ಹಿರಿಯರಲ್ಲಿ ಕುಂಟುತ್ತಲೇ ಸುತ್ತು ಮುಗಿಸುವವರು ಬಹಳ. "ವ್ಯಾಯಾಮ ಮಾಡ್ರಿ" ಅಂತ ಡಾಕ್ಟರು ಹೇಳಿದ್ದನ್ನು "ವಾಕಿಂಗ್ ಹೋಗ್ರಿ" ಅಂತ ತಿಳಿದುಕೊಂಡವರು ಇವರು. ನಡಿಗೆ ಹೃದಯಕ್ಕೆ, ಶುಗರಿಗೆ, ತೂಕಕ್ಕೆ, ಮೊಳಕಾಲಿಗೂ ಒಳ್ಳೆಯದೇ. ಆದರೆ ಕುರ್ಚಿಯಿಂದ ಏಳಲು, ಬಸ್ಸು ಹತ್ತಲು, ಗುಡಿಯ ಮೆಟ್ಟಿಲು ಇಳಿಯಲು ಬೇಕಾದ ಬಲ ಸಪಾಟು ನೆಲದ ಮೇಲೆ ಎಷ್ಟು ನಡೆದರೂ ಸಾಕಷ್ಟು ಬರುವುದಿಲ್ಲ. ಆ ಬಲ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯುವಿನದು. ಅದನ್ನು ಬೇರೆಯಾಗಿಯೇ, ಲೆಕ್ಕ ಇಟ್ಟು, ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತ ಬೆಳೆಸಬೇಕು.

ಎಕ್ಸ್‌ರೇ ನೋಡಿ "ಗ್ಯಾಪ್ ಕಡಿಮಿ ಆಗ್ಯಾದ" ಅಂದ ಕೂಡಲೇ ಹಿರಿಯರ ಮನಸ್ಸಿನಲ್ಲಿ ಒಂದು ಲೆಕ್ಕ ಕೂತುಬಿಡುತ್ತದೆ: ಸವೆದಿದೆ, ಬಳಸಿದರೆ ಇನ್ನೂ ಸವೆಯುತ್ತದೆ, ಆದ್ದರಿಂದ ಕೂತಿರುವುದೇ ಕ್ಷೇಮ. ಈ ಲೆಕ್ಕ ತಪ್ಪು. ಎಲುಬಿನ ತುದಿಯ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕಾಲಿನ ಮೇಲೆ ಭಾರ ಬಿದ್ದಾಗ ಒತ್ತಿ, ಭಾರ ಇಳಿದಾಗ ಸಡಿಲವಾಗಿ, ಸ್ಪಂಜಿನಂತೆ ಕೀಲಿನ ದ್ರವವನ್ನು ಹೀರಿಕೊಂಡೇ ಅದು ಬದುಕುತ್ತದೆ. ಕೂತೇ ಇದ್ದರೆ ಅದಕ್ಕೆ ಆಹಾರವಿಲ್ಲ. ಇದರ ಜೊತೆಗೆ ಇನ್ನೊಂದು ತೊಂದರೆ ಇದೆ. ಮೊಳಕಾಲು ಬಾತಾಗ ನರಗಳು ತೊಡೆಯ ಸ್ನಾಯುವನ್ನು ತಾವಾಗಿಯೇ ಅರ್ಧ ತಡೆದುಬಿಡುತ್ತವೆ. ಸ್ನಾಯು ಕೆಲಸ ಮಾಡದೆ ಸೊರಗುತ್ತದೆ, ಅದು ಹೊರಬೇಕಾದ ಹೊಡೆತ ನೇರ ಕೀಲಿಗೆ ಹೋಗುತ್ತದೆ, ನೋವು ಹೆಚ್ಚುತ್ತದೆ, ಆಮೇಲೆ ಇನ್ನಷ್ಟು ಕೂರುತ್ತಾರೆ. ಇಳಿಜಾರಿನಲ್ಲಿ "ಕಾಲು ಕೈಕೊಡ್ತದ" ಅನ್ನುವುದು ಬಹಳ ಮಂದಿಯಲ್ಲಿ ಈ ಸ್ನಾಯುವಿನ ದೌರ್ಬಲ್ಯವೇ. ಸ್ನಾಯುವನ್ನು 75ರ ವಯಸ್ಸಿನಲ್ಲೂ ಬೆಳೆಸಬಹುದು. ಎಕ್ಸ್‌ರೇ ಚಿತ್ರ ಹಾಗೇ ಇದ್ದರೂ ನೋವು ಇಳಿಯಬಹುದು, ಏಕೆಂದರೆ ಚಿತ್ರದಲ್ಲಿ ಕಾಣುವ ಸವೆತಕ್ಕೂ ಅನುಭವಿಸುವ ನೋವಿಗೂ ನೇರ ಹೊಂದಾಣಿಕೆ ಇಲ್ಲ. ಬಗ್ಗಿಸುವಾಗ ಬರುವ ಕಟಕಟ ಸದ್ದಿಗೂ ಹೆದರಬೇಕಿಲ್ಲ. ನೋವು, ಬಾವು ಇಲ್ಲದ ಬರೀ ಸದ್ದು ಅಪಾಯದ ಗುರುತಲ್ಲ.

ಶುರು ಮಾಡುವ ಮುಂಚೆ ಕೆಲವನ್ನು ನೋಡಿಕೊಳ್ಳಿ. ಮೊಳಕಾಲು ಕೆಂಪಾಗಿ ಬಿಸಿಯಾಗಿದ್ದು ಜ್ವರ ಇದ್ದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಒಂದೇ ಕಾಲಿನ ಮೀನಖಂಡ ಬಾತು ನೋಯುತ್ತಿದ್ದರೆ, ಕೀಲು ಮಧ್ಯದಲ್ಲೇ ಸಿಕ್ಕಿಹಾಕಿಕೊಂಡು ಬಿಡಿಸಿಕೊಳ್ಳದಿದ್ದರೆ, ಮಲಗಿದರೂ ಕಡಿಮೆಯಾಗದ ರಾತ್ರಿ ನೋವಿನ ಜೊತೆ ತೂಕ ಇಳಿಯುತ್ತಿದ್ದರೆ ವ್ಯಾಯಾಮ ಬಿಟ್ಟು ದವಾಖಾನೆಗೆ ಹೋಗಿ. ಸವೆತದ ನೋವಿನಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಸಡಿಲವಾಗುತ್ತದೆ. ಒಂದು ತಾಸಿಗೂ ಮೀರಿ ಬಿಗಿಯಾಗಿದ್ದು ಕೈಬೆರಳಿನ ಗಂಟುಗಳೂ ಬಾತಿದ್ದರೆ ಅದು ಬೇರೆ ರೋಗ ಇರಬಹುದು, ಅದರ ಔಷಧಿಯೂ ಬೇರೆ. ಬಿಪಿ 180/110 ಮೀರಿದ ದಿನ ಬಲದ ವ್ಯಾಯಾಮ ಬೇಡ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಶುಗರ್ ಗುಳಿಗೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡಬಾರದು. ಕೈಯಳತೆಯಲ್ಲಿ ಸಕ್ಕರೆ ಇರಲಿ.

ಈಗ ನಿಮ್ಮ ಬಲ ಎಷ್ಟಿದೆ ಅಂತ ಅಳೆಯುವ ಸುಲಭ ದಾರಿ ಒಂದಿದೆ. ಸುಮಾರು 17 ಇಂಚು ಎತ್ತರದ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ, ಎಣಿಸಲು ಮೊಮ್ಮಗನಿಗೆ ಹೇಳಿ. 65ರಿಂದ 69ರ ಹೆಂಗಸರು 11ಕ್ಕಿಂತ, ಗಂಡಸರು 12ಕ್ಕಿಂತ ಕಡಿಮೆ ಸಲ ಎದ್ದರೆ, 70ರಿಂದ 74ರ ಹೆಂಗಸರು 10ಕ್ಕಿಂತ, ಗಂಡಸರು 12ಕ್ಕಿಂತ ಕಡಿಮೆ ಎದ್ದರೆ ಕಾಲಿನ ಬಲ ಸರಾಸರಿಗಿಂತ ಕೆಳಗಿದೆ, ಬೀಳುವ ಸಂಭವವೂ ಹೆಚ್ಚು. ಕೈ ಊರದೆ ಏಳಲು ಬರದಿದ್ದರೆ ಸೊನ್ನೆ ಬರೆದುಕೊಳ್ಳಿ, ನಾಚಿಕೆ ಬೇಡ. ತಾರೀಖು ಸಮೇತ ಕ್ಯಾಲೆಂಡರಿನ ಮೇಲೆ ಬರೆದಿಡಿ. ಆರು ವಾರದ ನಂತರ ಮತ್ತೆ ಅಳೆಯಿರಿ. ನೋವು ದಿನದಿಂದ ದಿನಕ್ಕೆ ಏರಿಳಿಯುತ್ತದೆ, ಅದನ್ನೇ ನಂಬಿ ಕೂತರೆ ಸುಧಾರಣೆ ಕಣ್ಣಿಗೆ ಬೀಳುವುದಿಲ್ಲ. ಈ ಅಂಕಿ ಹಾಗಲ್ಲ.

ಮೊದಲ ಎರಡು ವಾರ ಹಾಸಿಗೆಯ ಮೇಲೆ

ಹೊರಸಿನ ಹಗ್ಗ ಜೋತುಬಿದ್ದಿದ್ದರೆ ಅದರ ಮೇಲೆ ಬೇಡ, ಬೆನ್ನು ಹಿಡಿಯುತ್ತದೆ. ಗಟ್ಟಿ ಮಂಚ ಸಾಕು. ಕಾಲು ಚಾಚಿ ಕೂತು, ಟವೆಲನ್ನು ಸುರುಳಿ ಸುತ್ತಿ ಮೊಳಕಾಲ ಕೆಳಗೆ ಇಡಿ. ಮೊಳಕಾಲಿನಿಂದ ಟವೆಲನ್ನು ಕೆಳಕ್ಕೆ ಒತ್ತಿ, 5 ಎಣಿಸುವವರೆಗೆ ಹಿಡಿದು, 5 ಎಣಿಸುವವರೆಗೆ ಬಿಡಿ. ಪ್ರತಿ ಕಾಲಿಗೆ 10 ಸಲ. ಸರಿಯಾಗಿ ಒತ್ತಿದರೆ ಚಿಪ್ಪು ಮೇಲಕ್ಕೆ ಸರಿಯುತ್ತದೆ, ಚಿಪ್ಪಿನ ಮೇಲೆ ಒಳಬದಿಯ ತೊಡೆ ಬೆರಳಿಗೆ ಗಟ್ಟಿಯಾಗಿ ಹತ್ತುತ್ತದೆ. ಬೆರಳಿಗೆ ಮೆತ್ತಗೆ ಹತ್ತಿದರೆ ನೀವು ತೊಡೆಯ ಬದಲು ಕುಂಡೆ ಬಿಗಿಹಿಡಿದಿದ್ದೀರಿ. ಉಸಿರು ಕಟ್ಟಿ ಮಾಡಿದರೆ ಬಿಪಿ ಒಮ್ಮೆಲೇ ಏರುತ್ತದೆ, ಆದ್ದರಿಂದ ಬಾಯಿಬಿಟ್ಟು ಜೋರಾಗಿ ಎಣಿಸಿ. ಮಾತಾಡುತ್ತಿದ್ದರೆ ಉಸಿರು ಕಟ್ಟಲು ಬರುವುದಿಲ್ಲ.

ಮುಂದಿನದು ಕಾಲು ನೆಟ್ಟಗೆ ಎತ್ತುವುದು. ಅಂಗಾತ ಮಲಗಿ, ಒಂದು ಕಾಲು ಮಡಚಿ ಪಾದ ಊರಿ. ಇನ್ನೊಂದರ ತೊಡೆಯನ್ನು ಮೊದಲು ಬಿಗಿ ಮಾಡಿ, ಆಮೇಲೆ ಸುಮಾರು ಒಂದು ಅಡಿ ಎತ್ತಿ. ಮಡಚಿದ ಮೊಳಕಾಲಿಗಿಂತ ಮೇಲೆ ಹೋಗುವುದು ಬೇಡ. 3 ಎಣಿಸಿ ಮೆಲ್ಲಗೆ ಇಳಿಸಿ, 10 ಸಲ. ಹಿಮ್ಮಡಿ ಮೇಲೇಳುವ ಕ್ಷಣದಲ್ಲಿ ಮೊಳಕಾಲು ಸ್ವಲ್ಪ ಬಗ್ಗುತ್ತಿದ್ದರೆ ಸ್ನಾಯು ಇನ್ನೂ ಸಿದ್ಧವಾಗಿಲ್ಲ ಎಂದರ್ಥ. ಇನ್ನೊಂದು ವಾರ ಟವೆಲ್ ಒತ್ತುವುದರಲ್ಲೇ ಇರಿ. ಎರಡೂ ಕಾಲು ಚಾಚಿಕೊಂಡು ಎತ್ತುವವರಿಗೆ ಸೊಂಟ ನೋಯುತ್ತದೆ, ಒಂದು ಕಾಲು ಮಡಚುವುದು ಅದಕ್ಕೇ.

ಮೊಳಕಾಲು ಪೂರ್ತಿ ನೆಟ್ಟಗಾಗದಿದ್ದರೆ ಹಿಮ್ಮಡಿಯ ಕೆಳಗೆ ಮಾತ್ರ ಟವೆಲ್ ಸುರುಳಿ ಇಟ್ಟು, ಮೊಳಕಾಲನ್ನು ತನ್ನ ಭಾರಕ್ಕೆ ಕೆಳಗಿಳಿಯಲು 5 ನಿಮಿಷ ಬಿಡಿ. ಇಲ್ಲಿ ಬಹಳ ಮನೆಗಳಲ್ಲಿ ನಡೆಯುವ ಒಂದು ತಪ್ಪು ಹೇಳಲೇಬೇಕು. ನೋವಿಗೆ ಹಿತ ಅಂತ ರಾತ್ರಿಯಿಡೀ ಮೊಳಕಾಲ ಕೆಳಗೆ ದಿಂಬು ಇಟ್ಟುಕೊಂಡು ಮಲಗುತ್ತಾರೆ. ತಿಂಗಳುಗಟ್ಟಲೆ ಹಾಗೆ ಮಲಗಿದರೆ ಕೀಲು ಬಾಗಿದ ಭಂಗಿಯಲ್ಲೇ ಬಿಗಿಯಾಗುತ್ತದೆ, ಆಮೇಲೆ ನಿಂತಾಗಲೂ ಕಾಲು ನೆಟ್ಟಗಾಗುವುದಿಲ್ಲ, ನಿಂತಷ್ಟು ಹೊತ್ತೂ ತೊಡೆ ದುಡಿಯಬೇಕಾಗುತ್ತದೆ. ದಿಂಬು ಬೇಕೇ ಬೇಕಾದರೆ ಮಗ್ಗುಲಾಗಿ ಮಲಗಿ ಎರಡು ಮೊಳಕಾಲುಗಳ ನಡುವೆ ಇಟ್ಟುಕೊಳ್ಳಿ.

ಕುರ್ಚಿಯಿಂದ ಏಳುವುದು

ಈ ಬರಹದಲ್ಲಿ ಒಂದನ್ನೇ ಆರಿಸಿಕೊಳ್ಳುವುದಾದರೆ ಇದನ್ನು ಆರಿಸಿ. ಹಾಸಿಗೆಯ ಮೇಲಿನ ವ್ಯಾಯಾಮಗಳು ಸ್ನಾಯುವನ್ನು ಎಬ್ಬಿಸುತ್ತವೆ, ಬಲ ಬರುವುದು ನಿಮ್ಮ ಮೈಭಾರವನ್ನು ನಿಮ್ಮ ಕಾಲೇ ಎತ್ತಿದಾಗ. ವ್ಯಾಯಾಮದ ಫೋಟೊಕಾಪಿ ಹಾಳೆ ಹಿಡಿದು ಎರಡು ವರ್ಷದಿಂದ ಟವೆಲ್ ಒತ್ತುತ್ತಲೇ ಇರುವವರಿಗೆ ನೋವು ಯಾಕೆ ಇಳಿದಿಲ್ಲ ಎಂಬುದಕ್ಕೆ ಉತ್ತರ ಅಲ್ಲೇ ಇದೆ. ಮೊದಲ ವಾರದ ಭಾರದಲ್ಲೇ ಅವರು ನಿಂತುಬಿಟ್ಟಿದ್ದಾರೆ.

ಮೊದಲು ಕುರ್ಚಿ ನೋಡಿ. ನಮ್ಮ ಬಿಸಿಲಿನಲ್ಲಿ ಅಂಗಳದಲ್ಲೇ ಬಿದ್ದಿರುವ ಪ್ಲಾಸ್ಟಿಕ್ ಕುರ್ಚಿ ಒಂದೆರಡು ಬೇಸಿಗೆಗೆ ಪೆಡಸಾಗುತ್ತದೆ. ಬಣ್ಣ ಬಿಳಿಚಿದ, ಕಾಲಿನ ಬುಡದಲ್ಲಿ ಕೂದಲೆಳೆ ಬಿರುಕು ಬಿಟ್ಟ ಕುರ್ಚಿ ಬೇಡ, ಒಮ್ಮೆಲೇ ಮುರಿಯುತ್ತದೆ. ಗಟ್ಟಿಯಾದದ್ದನ್ನೂ ಬೆನ್ನು ಗೋಡೆಗೆ ತಾಗುವಂತೆ ಇಡಿ. ಶಹಾಬಾದ್ ಫರ್ಸಿ ತೊಳೆದು ಒದ್ದೆ ಇದ್ದಾಗ, ಟೈಲ್ಸ್ ಮೇಲೆ ಸಾಕ್ಸ್ ಹಾಕಿಕೊಂಡಾಗ ಮಾಡಬೇಡಿ. ಬರಿಗಾಲು ಅಥವಾ ಹಿಂದೆ ಪಟ್ಟಿ ಇರುವ ಚಪ್ಪಲಿ ಸರಿ.

ಆಸನ ಎತ್ತರವಾದಷ್ಟೂ ಮೊಳಕಾಲಿಗೆ ಕಷ್ಟ ಕಡಿಮೆ. ಹಾಗಾಗಿ ಕೌದಿ ಮಡಚಿ ಕುರ್ಚಿಯ ಮೇಲೆ ಹಾಕಿ, ಆಸನ 3ರಿಂದ 4 ಇಂಚು ಏರಲಿ. ಕುರ್ಚಿಯ ಅಂಚಿಗೆ ಸರಿದು ಕೂರಿ. ಪಾದಗಳ ನಡುವೆ ಒಂದು ಗೇಣು ಅಂತರ ಇರಲಿ, ಹಿಮ್ಮಡಿ ಮೊಳಕಾಲಿಗಿಂತ ತುಸು ಹಿಂದಕ್ಕೆ ಬರಲಿ. ಬೆನ್ನು ನೆಟ್ಟಗಿಟ್ಟು ಸೊಂಟದಿಂದ ಮುಂದೆ ಬಾಗಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರಬೇಕು. ಆಗ ಹಿಮ್ಮಡಿಗೆ ಬಲ ಕೊಟ್ಟು ಏಳಿ. ಪೂರ್ತಿ ನೆಟ್ಟಗೆ ನಿಂತು ಒಂದು ಉಸಿರು ತೆಗೆದುಕೊಳ್ಳಿ. ಕೂರುವಾಗ 4 ಎಣಿಸುತ್ತ ಇಳಿಯಿರಿ. ಇಳಿಯುವುದರಲ್ಲೇ ಅರ್ಧ ಲಾಭ ಇದೆ. ಧಪ್ಪೆಂದು ಕೂತರೆ ಅದೂ ಹೋಯಿತು, ಎಲುಬು ಟೊಳ್ಳಾದ ಹೆಂಗಸರಿಗೆ ಬೆನ್ನುಮೂಳೆಗೂ ಪೆಟ್ಟು. 8 ಸಲ ಮಾಡಿ ಎರಡು ನಿಮಿಷ ದಣಿವಾರಿಸಿಕೊಂಡು ಇನ್ನೊಮ್ಮೆ 8. ಶುರುವಿನಲ್ಲಿ ಕುರ್ಚಿಯ ತೋಳಿಗೆ ಕೈ ಊರಬಹುದು.

ತಪ್ಪುವುದು ಎಲ್ಲಿ? ಪಾದ ಮುಂದಿದ್ದರೆ ಮೈಯನ್ನು ಎಸೆದು ಏಳಬೇಕಾಗುತ್ತದೆ. ಏಳುವಾಗ ಮೊಳಕಾಲುಗಳು ಒಂದಕ್ಕೊಂದು ತಾಗುವಂತೆ ಒಳಕ್ಕೆ ಬೀಳುತ್ತವೆ. ಚಿಪ್ಪು ಕಾಲಿನ ಎರಡನೇ ಬೆರಳಿನ ಕಡೆಗೇ ಮುಖ ಮಾಡಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಗೊತ್ತಿಲ್ಲದೆಯೇ ಪೂರ್ತಿ ಭಾರವನ್ನು ಒಳ್ಳೆ ಕಾಲಿನ ಮೇಲೆ ಹಾಕಿ ಏಳುತ್ತಾರೆ. ಮಾಡುವವರಿಗೆ ಇದು ತಿಳಿಯುವುದಿಲ್ಲ, ಎದುರು ನಿಂತವರಿಗೆ ಮೈ ಒಂದು ಮಗ್ಗುಲಿಗೆ ವಾಲುವುದು ಕಾಣುತ್ತದೆ. ಹೀಗೆ ತಿಂಗಳು ಮಾಡಿದರೂ ನೋವಿನ ಕಾಲು ಅಲ್ಲೇ ಇರುತ್ತದೆ. ನೋವು ಹತೋಟಿಗೆ ಬಂದ ಮೇಲೆ ಒಳ್ಳೆ ಕಾಲನ್ನು ಎರಡು ಇಂಚು ಮುಂದಿಟ್ಟು ಏಳಿ. ಹಿಂದಿರುವ ಕಾಲಿಗೇ ಹೆಚ್ಚು ಭಾರ ಬೀಳುತ್ತದೆ.

ಏರಿಸುವ ಕ್ರಮ ಹೀಗೆ. ವ್ಯಾಯಾಮದ ಸತತ ಎರಡು ದಿನ 12 ಸಲ ಸಲೀಸಾಗಿ ಬಂದರೆ ಮುಂದಿನ ಹಂತಕ್ಕೆ ಹೋಗಿ. ಮೊದಲು ಕೈ ಬಿಡಿ. ನಂತರ ಕೌದಿಯ ಒಂದು ಮಡಿಕೆ ತೆಗೆಯಿರಿ, ಆಮೇಲೆ ಪೂರ್ತಿ ಕೌದಿ. ಆಮೇಲೆ 2 ಕೆಜಿ ತೊಗರಿ ಬೇಳೆಯ ಚೀಲವನ್ನು ಎದೆಗೆ ಅವಚಿಕೊಂಡು ಏಳಿ. ಎರಡು ಬದಲಾವಣೆ ಒಟ್ಟಿಗೆ ಬೇಡ. ಕೊನೆಯ ಎರಡು ಸಲ "ಸಾಕಪ್ಪಾ" ಅನ್ನಿಸಬೇಕು, ಅನ್ನಿಸದಿದ್ದರೆ ಭಾರ ಕಡಿಮೆ ಆಯಿತು.

ಇದರ ಜೊತೆ ಮೂರು ಸಾಕು, ಹತ್ತು ವ್ಯಾಯಾಮ ಪಟ್ಟಿ ಮಾಡಿಕೊಂಡವರು ಎರಡನೇ ವಾರಕ್ಕೆ ಬಿಡುತ್ತಾರೆ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೆಟ್ಟಗಾಗುವವರೆಗೆ ಎತ್ತಿ, 3 ಎಣಿಸಿ, ಮೆಲ್ಲಗೆ ಇಳಿಸಿ. ಹಳೆಯ ಕಾಲುಚೀಲದಲ್ಲಿ ಅರ್ಧ ಕೆಜಿ ಬೇಳೆ ತುಂಬಿ ಕಣಕಾಲಿಗೆ ಕಟ್ಟಿದರೆ ಭಾರವಾಯಿತು, ಅರ್ಧರ್ಧ ಕೆಜಿ ಏರಿಸುತ್ತ 2 ಕೆಜಿವರೆಗೆ ಹೋಗಬಹುದು. ಚಿಪ್ಪಿನ ಕೆಳಗೆ ಚುಚ್ಚಿದಂತಾದರೆ ನೋವು ಶುರುವಾಗುವ ಜಾಗಕ್ಕಿಂತ ಸ್ವಲ್ಪ ಮುಂಚೆಯೇ ನಿಲ್ಲಿಸಿ. ಎರಡನೆಯದು, ಕಿಟಕಿಯ ಸರಳು ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ ಎತ್ತುವುದು, 10 ಸಲ. ಬೆರಳು ಮುಂದಕ್ಕೇ ನೋಡುತ್ತಿರಲಿ, ಮೈ ವಾಲದಿರಲಿ. ಸೊಂಟದ ಪಕ್ಕದ ಈ ಸ್ನಾಯು ಗಟ್ಟಿ ಇದ್ದರೆ ನಡೆಯುವಾಗ ಅತ್ತಿತ್ತ ತೂಗುವುದು ಕಡಿಮೆಯಾಗುತ್ತದೆ. ಮೂರನೆಯದು, ಅದೇ ಸರಳು ಹಿಡಿದು ಹಿಮ್ಮಡಿ ಎತ್ತುವುದು, 15 ಸಲ.

ನಾಲ್ಕಾರು ವಾರದ ನಂತರ ಮೆಟ್ಟಿಲು ಹತ್ತುವುದನ್ನು ಸೇರಿಸಿ. ಮನೆಯ ಕಟ್ಟೆಯ ಮೆಟ್ಟಿಲು ಏಳೆಂಟು ಇಂಚು ಇರುತ್ತದೆ, ಶುರುವಿಗೆ ಅದು ಹೆಚ್ಚು. 4 ಇಂಚಿನ ಅಗಲವಾದ ಗಟ್ಟಿ ಮಣೆ ಸಿಕ್ಕರೆ ಸರಿ, ಆದರೆ ಅಂಚಿನ ಮೇಲೆ ಕಾಲಿಟ್ಟಾಗ ಮಗುಚಬಾರದು, ಮೊದಲು ಮನೆಯ ಗಟ್ಟಿಮುಟ್ಟಾದವರು ಹತ್ತಿ ನೋಡಲಿ. ಇಟ್ಟಿಗೆ ಜೋಡಿಸಿ ಅದರ ಮೇಲೆ ಹತ್ತಬೇಡಿ.

ಎಷ್ಟು ನೋವು ಸರಿ

ನೋವಿಲ್ಲದೆ ಮಾಡಬೇಕು ಅಂತ ಕಾದರೆ ಶುರುವೇ ಆಗುವುದಿಲ್ಲ, ನೋವು ನುಂಗಿ ಮಾಡಿದರೆ ಬಾವು ಬರುತ್ತದೆ. ನೋವಿಗೆ 0ಯಿಂದ 10ರವರೆಗೆ ಅಂಕ ಕೊಡಿ. ಮಾಡುವಾಗ 4ರವರೆಗೆ ಏರಿದರೆ ತೊಂದರೆ ಇಲ್ಲ. ಮುಖ್ಯ ಪ್ರಶ್ನೆ ಮರುದಿನದ್ದು: 24 ತಾಸಿನೊಳಗೆ ನೋವು ಮೊದಲಿದ್ದ ಮಟ್ಟಕ್ಕೆ ಇಳಿಯಿತೇ, ಮೊಳಕಾಲು ಬಾತಿಲ್ಲವೇ? ಹೌದಾದರೆ ಭಾರ ಸರಿಯಾಗಿದೆ. ಇಲ್ಲವಾದರೆ ಎಣಿಕೆಯನ್ನು ಅರ್ಧ ಮಾಡಿ ಅಥವಾ ಕೌದಿಯ ಮಡಿಕೆ ವಾಪಸ್ ಹಾಕಿ. ಪೂರ್ತಿ ಬಿಡಬೇಡಿ. ಬಾವು ಬಂದರೆ ಎರಡು ಮೂರು ದಿನ ಹಾಸಿಗೆಯ ವ್ಯಾಯಾಮಕ್ಕೆ ಹಿಂತಿರುಗಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10ರಿಂದ 15 ನಿಮಿಷ ಇಡಿ. ಬಾವಿಲ್ಲದ ಬರೀ ಬಿಗಿತಕ್ಕೆ ವ್ಯಾಯಾಮದ ಮುಂಚೆ ಬಿಸಿನೀರಿನ ಶಾಖ ಹಿತ. ಶುಗರಿನಿಂದ ಕಾಲು ಜೋಮು ಹಿಡಿದವರು ಬಿಸಿ, ತಂಪು ಎರಡರಲ್ಲೂ ಎಚ್ಚರ. ಸುಟ್ಟದ್ದು ಅವರಿಗೆ ಗೊತ್ತಾಗುವುದಿಲ್ಲ.

ಬಲದ ವ್ಯಾಯಾಮ ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ. ಉಳಿದ ದಿನ ನಡಿಗೆ. 10 ನಿಮಿಷದಿಂದ ಶುರು ಮಾಡಿ ವಾರಕ್ಕೆ 5 ನಿಮಿಷ ಕೂಡಿಸಿ. ಒಮ್ಮೆಲೇ ಅರ್ಧ ತಾಸಿಗಿಂತ 10 ನಿಮಿಷ ಮೂರು ಸಲ ನಡೆದರೆ ಮೊಳಕಾಲು ಚೆನ್ನಾಗಿ ತಾಳಿಕೊಳ್ಳುತ್ತದೆ. ಮಾರ್ಚಿನಿಂದ ಮೇವರೆಗೆ ಬೆಳಿಗ್ಗೆ 7ರೊಳಗೆ ಮುಗಿಸಿ. ಇಲ್ಲಿಯ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಸಂಜೆಯೂ ನೆಲ ಕಾದೇ ಇರುತ್ತದೆ. ಅಂಥ ದಿನ ಪಡಸಾಲೆಯಲ್ಲೇ ನಡೆಯಿರಿ. ಹಿಮ್ಮಡಿ ಸವೆದ ಹವಾಯಿ ಚಪ್ಪಲಿ ಬಿಡಿ.

ಕೋಲು ಹಿಡಿಯುವುದು ಸೋಲಲ್ಲ, ನೋವಿನ ಕಾಲಿನ ಮೇಲಿನ ಹೊರೆ ಅದರಿಂದ ಇಳಿಯುತ್ತದೆ. ಆದರೆ ಬಹಳ ಮಂದಿ ನೋವಿರುವ ಕಡೆಯ ಕೈಯಲ್ಲೇ ಹಿಡಿಯುತ್ತಾರೆ. ಎಡ ಮೊಳಕಾಲು ನೋವಾದರೆ ಕೋಲು ಬಲಗೈಯಲ್ಲಿ ಇರಬೇಕು, ಎಡಗಾಲಿನ ಜೊತೆಯೇ ಮುಂದೆ ಹೋಗಬೇಕು. ಕೈ ಇಳಿಬಿಟ್ಟು ನಿಂತಾಗ ಹಿಡಿಕೆ ಮಣಿಕಟ್ಟಿನ ಗೆರೆಗೆ ಸರಿಯಾಗಿ ಬರಲಿ. ಎದೆಮಟ್ಟದ ಬಡಿಗಿ ಹಿಡಿದರೆ ಭುಜ ಮೇಲೇರುತ್ತದೆ, ಕಾಲಿನ ಭಾರ ಇಳಿಯುವುದಿಲ್ಲ. ತುದಿಯ ರಬ್ಬರ್ ಸವೆದರೆ ಬದಲಿಸಿ. ಮೆಟ್ಟಿಲಿಗೆ, ಸರ್ಕಾರಿ ಬಸ್ಸಿನ ಎತ್ತರದ ಪಾವಟಿಗೆಗೆ ಒಂದೇ ನಿಯಮ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ನಮ್ಮ ಕಡೆ ಬದುಕೆಲ್ಲ ನೆಲದ ಮೇಲೆ. ರೊಟ್ಟಿ ಬಡಿಯುವುದು, ಹೊಲದಲ್ಲಿ ಕಸ ತೆಗೆಯುವುದು, ನಮಾಜು, ಪೂಜೆ, ಸಂಡಾಸ್, ಎಲ್ಲಕ್ಕೂ ಮೊಳಕಾಲು ಪೂರ್ತಿ ಮಡಚಬೇಕು. ಮಡಚುವುದೇ ಪಾಪ ಅಂತಲ್ಲ, ನೋವು ಕೆರಳಿದ ಕಾಲದಲ್ಲಿ ಹೆಚ್ಚು ಹೊತ್ತು ಕುಕ್ಕರಗಾಲಲ್ಲಿ ಕೂರುವುದು ತೊಂದರೆ. ಒಲೆಯನ್ನು ಕಟ್ಟೆಯ ಮೇಲೇರಿಸಿ ನಿಂತು ರೊಟ್ಟಿ ಬಡಿಯಲಿ, ಹೊಲದಲ್ಲಿ ಹತ್ತು ನಿಮಿಷಕ್ಕೊಮ್ಮೆ ಎದ್ದು ನಿಲ್ಲಲಿ, ನಮಾಜು ಕುರ್ಚಿಯ ಮೇಲೆ ಆಗಲಿ. ಸಂಡಾಸಿನ ಮೇಲೆ ಇಡುವ ಕಮೋಡ್ ಸ್ಟೂಲ್ ತಂದರೆ ಅದರ ಕಾಲಿನ ರಬ್ಬರ್, ಸ್ಕ್ರೂ ತಿಂಗಳಿಗೊಮ್ಮೆ ನೋಡಿ, ಪಕ್ಕದ ಗೋಡೆಗೆ ಒಂದು ಕಬ್ಬಿಣದ ಹಿಡಿಕೆ ಹಾಕಿಸಿ. ನೆಲದಿಂದ ಏಳುವಾಗ ಕೈ ಹಿಡಿದು ಎಳೆದು ಎಬ್ಬಿಸಬೇಡಿ, ಹಿರಿಯರ ಭುಜ ಕಳಚುವುದುಂಟು. ಅವರು ಒಂದು ಮಗ್ಗುಲಿಗೆ ತಿರುಗಿ, ಮಡಚಿದ ಕೌದಿಯ ಮೇಲೆ ಅಂಬೆಗಾಲಿಗೆ ಬಂದು, ಗಟ್ಟಿ ಮಂಚ ಅಥವಾ ಕುರ್ಚಿಯ ಮೇಲೆ ಎರಡೂ ಕೈ ಊರಿ, ಒಳ್ಳೆ ಕಾಲಿನ ಪಾದವನ್ನು ಮುಂದೆ ಇಟ್ಟು ಅದರ ಬಲದಿಂದಲೇ ಏಳಬೇಕು. ಮನೆಯಲ್ಲಿ ಜನ ಇರುವಾಗ ಇದನ್ನು ಕಲಿತಿಟ್ಟುಕೊಳ್ಳಿ.

ತೂಕ ಹೆಚ್ಚಿದ್ದರೆ 1 ಕೆಜಿ ಇಳಿಸಿದಾಗ ಪ್ರತಿ ಹೆಜ್ಜೆಯಲ್ಲೂ ಮೊಳಕಾಲಿನ ಮೇಲಿಂದ ಸುಮಾರು 4 ಕೆಜಿ ಹೊರೆ ಇಳಿಯುತ್ತದೆ ಅಂತ 2005ರ ಅಧ್ಯಯನವೊಂದು ಅಳೆದು ತೋರಿಸಿದೆ. ಎಣ್ಣೆ ತಿಕ್ಕುವುದು, ನೀ ಕ್ಯಾಪ್ ಹಾಕುವುದು ಹಿತ ಕೊಡುತ್ತವೆ, ಬಲ ಕೊಡುವುದಿಲ್ಲ. ಗ್ಲುಕೋಸಮಿನ್ ಗುಳಿಗೆಯನ್ನು ಬ್ರಿಟನ್ನಿನ 2022ರ ಚಿಕಿತ್ಸಾ ಮಾರ್ಗಸೂಚಿ ಬೇಡವೆಂದೇ ಹೇಳುತ್ತದೆ, ಆ ದುಡ್ಡನ್ನು ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಒಂದೆರಡು ಸಲ ಹೋಗಿ ಭಂಗಿ ತಿದ್ದಿಸಿಕೊಳ್ಳಲು ಖರ್ಚು ಮಾಡಿ. ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನಾ ನುಂಗುವುದಂತೂ ಬಿಪಿ, ಶುಗರ್ ಇದ್ದವರಿಗೆ ಕಿಡ್ನಿಯ ಮೇಲೆ ನೇರ ಪೆಟ್ಟು. ಡೈಕ್ಲೋಫೆನಾಕ್ ಮುಲಾಮು ಹಚ್ಚುವುದು ಅದಕ್ಕಿಂತ ಎಷ್ಟೋ ಸುರಕ್ಷಿತ, ಅದನ್ನೂ ಡಾಕ್ಟರಿಗೆ ತಿಳಿಸಿಯೇ ಹಚ್ಚಿ.

ಬಲ ಬರಲು ಆರೇಳು ವಾರ ಬೇಕು, ನೋವು ಇಳಿದದ್ದು ಸರಿಯಾಗಿ ತಿಳಿಯಲು ಹನ್ನೆರಡು ವಾರವಾದರೂ ಆಗಬಹುದು. ಮೂರನೇ ವಾರದಲ್ಲಿ "ಏನೂ ಫರಕ ಇಲ್ಲ" ಅಂತ ಬಿಡುವವರೇ ಹೆಚ್ಚು. ಹನ್ನೆರಡು ವಾರ ಮುಗಿದ ಮೇಲೆ ವಾರಕ್ಕೆ ಎರಡು ದಿನಕ್ಕೆ ಇಳಿಸಿದರೂ ಬಂದ ಬಲ ಉಳಿಯುತ್ತದೆ, ಪೂರ್ತಿ ಬಿಟ್ಟರೆ ಉಳಿಯುವುದಿಲ್ಲ. ಮದುವೆ, ಜ್ವರ, ರಾಶಿಯ ಕೆಲಸ ಅಂತ ಎರಡು ವಾರ ತಪ್ಪಿದರೆ ಬಿಟ್ಟ ಜಾಗದಿಂದಲೇ ಶುರು ಮಾಡಬೇಡಿ. ಕೌದಿಯ ಒಂದು ಮಡಿಕೆ ವಾಪಸ್ ಹಾಕಿ, ಅರ್ಧ ಎಣಿಕೆಯಿಂದ ಮತ್ತೆ ಏರಿಸಿ.